ಡಿಸ್ಕ್ ಎರವಲು ಕೊಟ್ಟ ಟೈಪಿಂಗ್ ಮೇಡಂ

ಆ ಡಿಸ್ಕಿಗೆ ನಾನು ತೆತ್ತ ಬೆಲೆ ಒಂದು ಚಿಪ್ಪು ರಸಬಾಳೆ ಮತ್ತು ಇಡೀ ಒಂದು ದಿನದ ಮೌನ. ಬಾಳೆಹಣ್ಣು ನಾನಾಗಿಯೇ ಕೊಟ್ಟದ್ದು, ಮೌನ ಅವರು ಕೇಳಿ ಪಡೆದದ್ದು. ಚೌಕಾಸಿಯಿಂದಲೇ ಅನ್ನ ಹುಟ್ಟಿಸಿಕೊಂಡ ನನ್ನಂಥವನಿಗೆ ಎರಡನೆಯದು ಎಷ್ಟು ದುಬಾರಿ ಎನ್ನುವುದು ನನ್ನ ಹೆಂಡತಿಗೆ ಗೊತ್ತು. ಆದರೂ ತೆತ್ತೆ. ಆ ಡಿಸ್ಕು ಆ ಕೈಯಿಂದಲ್ಲದೆ ಬೇರೆ ಕೈಯಿಂದ ಬಂದಿದ್ದರೆ ಅಂದು ಉಳಿದದ್ದು ಉಳಿಯುತ್ತಿರಲಿಲ್ಲ.

ಟೈಪಿಂಗ್ ಮೇಡಮ್ಮಿನ ಆ ಕೈಗಳ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಟೈಪ್‌ರೈಟರಿನ ಬಿಗಿ ಕೀಲಿಗಳನ್ನು ವರ್ಷಗಟ್ಟಲೆ ಒತ್ತಿ ಎರಡೂ ಕಿರುಬೆರಳುಗಳು ಹೊರಕ್ಕೆ ಬಾಗಿದ್ದವು. ಎದುರಿಗೆ ಕೂತವರು ಮಾತಾಡುತ್ತಿದ್ದರೆ, ಆ ಹತ್ತೂ ಬೆರಳು ಮಡಿಲಲ್ಲಿ, ಸೀರೆಯ ನೆರಿಗೆಯ ಮೇಲೆ ಅದೇ ಮಾತನ್ನು ಟೈಪ್ ಮಾಡುತ್ತಿದ್ದವು. ನಾನು ವ್ಯಾಪಾರದ ಮಾತಾಡುವಾಗ ಬೆರಳುಗಳು ಸಲೀಸಾಗಿ ಓಡುತ್ತಿದ್ದವು. ನಡುವೆ ಒಂದು ಸುಳ್ಳು ಸೇರಿಸಿದೆನೋ, ನಿಂತುಬಿಡುತ್ತಿದ್ದವು. ಹೇಗೆ ಗೊತ್ತಾಗುತ್ತಿತ್ತೋ ದೇವರೇ ಬಲ್ಲ. ಅವರೊಡನೆ ಚೌಕಾಸಿ ಮಾಡುವುದೆಂದರೆ ಅವರ ಮಡಿಲನ್ನೇ ನೋಡುತ್ತಾ ಮಾತಾಡುವುದು.

ಟಿ. ನರಸೀಪುರದ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಬಟ್ಟೆ ಅಂಗಡಿಯ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್. ಮರದ ಮೆಟ್ಟಿಲು ಹತ್ತುವಾಗಲೇ ಯಂತ್ರಗಳ ಟಕಟಕ ಕೇಳುತ್ತಿತ್ತು. ತಂದೆ ನಡೆಸುತ್ತಿದ್ದದ್ದನ್ನು ಇವರು ಮುಂದುವರಿಸಿದ್ದರು. ಮದುವೆಯಾಗಿರಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ, ‘ಡಿಕ್ಟೇಷನ್ ತಗೊಳ್ಳೋದು ಇಲ್ಲೇ ಸಾಕಾಗಿದೆ’ ಎನ್ನುತ್ತಿದ್ದರು. ಏಳನೇ ಕ್ಲಾಸಿಗೆ ಓದು ಬಿಟ್ಟು, ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುತ್ತಿದ್ದ ನನ್ನನ್ನು ಮೇಲೆ ಕರೆದು ಕೀಲಿಮಣೆಯ ಮುಂದೆ ಕೂರಿಸಿದವರು ಅವರೇ. ಅಲ್ಲಿ ಕಲಿತ ಕನ್ನಡ ಟೈಪಿಂಗಿನ ಬಲದ ಮೇಲೆ ನಾನು ನಂಜನಗೂಡಿನಲ್ಲಿ ಡಿಟಿಪಿ ಅಂಗಡಿ ಇಟ್ಟೆ. ಮದುವೆ ಕಾರ್ಡು, ಗೃಹಪ್ರವೇಶದ ಪತ್ರಿಕೆ, ಚುನಾವಣೆ ಬಂದರೆ ಕರಪತ್ರ.

ಕಂಪ್ಯೂಟರ್ ಕೊಳ್ಳುವಾಗ ನಾನೇ ಅವರನ್ನು ಜೊತೆಗೆ ಸೇರಿಸಿಕೊಂಡೆ. ಒಂದೇ ಸಲ ಎರಡು ಕೊಂಡರೆ ಮೈಸೂರಿನ ಅಂಗಡಿಯವನು ಇಳಿದೇ ಇಳಿಯುತ್ತಾನೆ ಎಂಬುದು ನನ್ನ ಲೆಕ್ಕ. ಇಳಿದ. ಇನ್ನೂ ಇಳಿಸಿದೆ. ಕೊನೆಗೆ ಅವನು, ‘ಇದಕ್ಕಿಂತ ಕಮ್ಮಿಗೆ ಆದ್ರೆ ವಿಂಡೋಸ್ ಡಿಸ್ಕ್ ಒಂದೇ ಕೊಡ್ತೀನಿ ಸಾರ್, ಎರಡು ಪೆಟ್ಟಿಗೆಗೂ ಕೀಲಿಪದದ ಚೀಟಿ ಬೇರೆ ಬೇರೆ ಅಂಟಿಸಿದೀನಿ’ ಎಂದ. ನನಗೆ ಅದು ಗೆಲುವಾಗಿ ಕಂಡಿತು. ಪೆಟ್ಟಿಗೆ ಓಡುತ್ತಿರುವಾಗ ಡಿಸ್ಕ್ ಯಾರಿಗೆ ಬೇಕು? ಮೇಡಂ ಮಾತ್ರ ಅಂಗಡಿಯವನ ಕೈಯಿಂದ ಡಿಸ್ಕ್ ತೆಗೆದುಕೊಂಡು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡರು. ‘ಹಾಗಾದ್ರೆ ಇದು ನನ್ನ ಪೆಟ್ಟಿಗೆದು. ನಿಂದು ಕಮ್ಮಿ ರೇಟು’ ಎಂದರು.

ಮೂರು ನಾಲ್ಕು ವರ್ಷ ಆ ಮಾತು ನನಗೆ ನೆನಪೇ ಬರಲಿಲ್ಲ.

ಆಮೇಲೆ ನಮ್ಮ ನಂಜನಗೂಡಿನ ಜೋಯಿಸರು ಪಂಚಾಂಗ ತಂದರು. ಮನೆತನದಿಂದ ಬಂದ ಗಣಿತ ಅವರದು. ಸುತ್ತಿನ ಮೂಗೂರು, ಬನ್ನೂರು ಕಡೆಯ ದೇವಸ್ಥಾನದವರು, ಅರ್ಚಕರ ಮನೆಯವರು ಅವರ ಪಂಚಾಂಗಕ್ಕೇ ಕಾಯುತ್ತಿದ್ದರು. ಇಡೀ ವರ್ಷದ ತಿಥಿ, ನಕ್ಷತ್ರ, ಗಳಿಗೆ, ವಿಗಳಿಗೆ. ಪುಟಕ್ಕೆ ಪುಟ ಬರೀ ಅಂಕಿ. ನಾನು ತಿಂಗಳುಗಟ್ಟಲೆ ಕೂತು ಟೈಪ್ ಮಾಡಿದೆ, ಅವರು ಭೂತಗನ್ನಡಿ ಹಿಡಿದು ಪ್ರೂಫ್ ತಿದ್ದಿದರು. ಕೊನೆಯ ಪುಟಕ್ಕೆ ಒಪ್ಪಿಗೆ ಹಾಕಿದ ದಿನ ಅವರು ಒಂದು ಕೆಲಸ ಮಾಡಿದರು. ಅದು ಅವರ ಮನೆಯ ಪದ್ಧತಿ. ದೇವರ ಹೆಸರು, ತಿಥಿ ಬರೆದ ಹಾಳೆ ಯಾರ ಕಾಲಿಗೂ ಸಿಗಬಾರದು, ಬೋಂಡಾ ಕಟ್ಟಲು ಹೋಗಬಾರದು. ಅದಕ್ಕಾಗಿ ಕೈಬರಹದ ಗಣಿತ, ತಿದ್ದಿದ ಪ್ರೂಫ್ ಎಲ್ಲವನ್ನೂ ಮಡಿಬಟ್ಟೆಯಲ್ಲಿ ಗಂಟು ಕಟ್ಟಿ ಕಪಿಲೆಗೆ ಬಿಟ್ಟು ಬಂದರು. ಹಿಂದೆ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಅದರಿಂದ ತೊಂದರೆ ಇರಲಿಲ್ಲ. ಜೋಡಿಸಿದ ಮೊಳೆ ಪ್ರೆಸ್ಸಿನಲ್ಲಿ ಗಟ್ಟಿಯಾಗಿ ಕೂತಿರುತ್ತಿತ್ತು.

ಮಾರನೆಯ ಬೆಳಿಗ್ಗೆ ಅಚ್ಚಿಗೆ ಕೊಡುವ ಹಾಳೆ ತೆಗೆಯೋಣವೆಂದು ಸ್ವಿಚ್ ಹಾಕಿದೆ. ಹಿಂದಿನ ಸಂಜೆ ಕರೆಂಟು ಹೋಗಿ ಬಂದು ಆಟವಾಡಿತ್ತು. ಕಪ್ಪು ಪರದೆಯ ಮೇಲೆ ಒಂದೇ ಸಾಲು ಇಂಗ್ಲಿಷ್. ಯಾವುದೋ ಫೈಲು ಕಾಣೆಯಾಗಿದೆಯಂತೆ. ರಿಪೇರಿಯವನು ಬಂದು ನೋಡಿ, ‘ಫಾರ್ಮ್ಯಾಟ್ ಒಡೀಬೇಕು ಸಾ, ಒಳ್ಗಿರದೆಲ್ಲ ಓಯ್ತದೆ’ ಎಂದು ಹೇಳಿ ಟೀ ಕುಡಿದು ಹೋದ.

ಜೋಯಿಸರ ಮನೆಗೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಜಗಲಿಯ ಕಂಬ ಹಿಡಿದು ಕೂತರು. ‘ಮತ್ತೆ ಗಣಿತ ಮಾಡೋಕೆ ಕಣ್ಣೆಲ್ಲಿದೆಯಯ್ಯಾ? ಅಂಕಿಗಳು ಈಗ ನನಗೆ ಇರುವೆ ಸಾಲಿನ ಹಾಗೆ ಕಾಣ್ತವೆ. ಇದೇ ಕೊನೇದು ಅಂತ ಮಾಡಿದ್ದೆ’ ಎಂದರು.

ಆಗ ಮೇಡಂ ಬ್ಯಾಗಿಗೆ ಹಾಕಿಕೊಂಡ ವಿಂಡೋಸ್ ಡಿಸ್ಕ್ ನೆನಪಾಗಿ, ಅವರಿಗೆ ಫೋನ್ ಮಾಡಿದೆ. ‘ಮೇಡಮ್ಮೋರೆ, ಆ ಡಿಸ್ಕ್ ಒಂದ್ ದಿನದ ಮಟ್ಟಿಗೆ ಕೊಡಿ, ನಾಳೆನೇ ವಾಪಸ್ ತಂದ್ಕೊಡ್ತೀನಿ.’

‘ಡಿಸ್ಕ್ ಮೆಟ್ಲು ಇಳಿಯಲ್ಲ ಕಣೋ. ನಿನ್ನ ಪೆಟ್ಗೆನ ಮೆಟ್ಲು ಹತ್ಸು.’

ಜೋಯಿಸರು ತಾವೂ ಬರುತ್ತೇನೆಂದು ಹೊರಟರು. ಜಮಖಾನೆ ಸುತ್ತಿದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಬಸ್ಸಿನಲ್ಲಿ ಕೂತೆ. ಅದರ ಮೇಲೆ ಅವರು ಒಂದು ಕೈ ಇಟ್ಟುಕೊಂಡಿದ್ದರು. ಕಂಡಕ್ಟರು, ‘ಏನಣ್ಣ ಅದು? ಲಗೇಜ್ ಆಯ್ತದೆ’ ಎಂದ.

‘ಮಡ್ಲಲ್ಲಿ ಕೂತದ್ದು ಮಗ ಕಣಪ್ಪ, ಮಗೀಗೆಂತ ಟಿಕೆಟ್ಟು?’

‘ಮಗ ಇಷ್ಟ್ ದಪ್ಪ ಇದ್ರೆ ಅರ್ಧ ಟಿಕೆಟ್ಟು ತಗಳ್ಲೇಬೇಕು.’

ನಾನು ಮುಂದುವರಿಸುತ್ತಿದ್ದೆ. ಜೋಯಿಸರು ಮೆಲ್ಲಗೆ, ‘ಕೊಟ್ಟುಬಿಡಯ್ಯ. ಇವತ್ತು ಬೇಡ’ ಎಂದರು. ಕೊಟ್ಟೆ. ದಾರಿಯ ಪ್ರತಿ ಗುಂಡಿಗೂ ಪೆಟ್ಟಿಗೆಯೊಳಗೆ ಏನೋ ಸಡಿಲವಾದಂತೆ ಸದ್ದಾಗುತ್ತಿತ್ತು, ಅವರ ಕೈ ಬಿಗಿಯಾಗುತ್ತಿತ್ತು.

ಅಂದು ಶುಕ್ರವಾರ. ನಾವು ಮೆಟ್ಟಿಲು ಹತ್ತುವ ಹೊತ್ತಿಗೆ ರಾಹುಕಾಲ ಹಿಡಿದಿತ್ತು, ಬಿಡುವುದು ಹನ್ನೆರಡಕ್ಕೆ. ನರಸೀಪುರದಲ್ಲಿ ಆ ದಿನಗಳಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಕರೆಂಟು ತೆಗೆಯುತ್ತಿದ್ದರು. ಜೋಯಿಸರು ಚಪ್ಪಲಿ ಬಿಡುತ್ತಲೇ, ‘ಹನ್ನೆರಡರವರೆಗೆ ಆರಂಭ ಬೇಡ ತಾಯಿ’ ಎಂದರು.

‘ಸ್ವಾಮಿ, ರಾಹುನಾದ್ರೂ ಬುಡ್ತಾನೆ, ಕರೆಂಟ್ನೋರು ಬುಡಕಿಲ್ಲ!’ ಎಂದು ನಾನು ಕೂಗಿದೆ.

ಮೇಡಂ ನನ್ನತ್ತ ನೋಡಲೂ ಇಲ್ಲ. ‘ಆರಂಭಕ್ಕೆ ತಾನೆ ಬೇಡ? ಸಿದ್ಧತೆಗೆ ಅಡ್ಡಿ ಇಲ್ವಲ್ಲ ಜೋಯಿಸರೆ?’

‘ಸಿದ್ಧತೆಗೆ ಇಲ್ಲ.’

‘ಹಾಗಾದ್ರೆ ಪೆಟ್ಗೆ ಇಲ್ಲಿಡು. ಮತ್ತೆ ಕೇಳಿಲ್ಲಿ. ಈಗಿಂದ ಡಿಸ್ಕ್ ಆಚೆ ಬರೋವರೆಗೂ ನೀನು ಬಾಯಿ ಬಿಡಂಗಿಲ್ಲ. ಓದು ಅಂದಾಗ ಓದು, ಅಷ್ಟೇ. ನಿನ್ನ ಮಾತು ಕೇಳ್ತಾ ಇದ್ರೆ ನನ್ನ ಬೆರಳು ಅದನ್ನೇ ಹೊಡೆಯುತ್ತೆ.’

ಜಮಖಾನೆ ಬಿಚ್ಚಿದರು. ‘ಡಿಸ್ಕ್ ನಂದು ನಡೆಯುತ್ತೆ, ಒಂದೇ ಜಾತಿ ಪೆಟ್ಗೆ. ಆದ್ರೆ ಮಧ್ಯದಲ್ಲಿ ಬೀಗದ ಕೈ ಕೇಳುತ್ತೆ, ಅದು ನಿನ್ನ ಪೆಟ್ಗೆ ಮೇಲಿರೋ ಚೀಟೀದೇ ಆಗಬೇಕು’ ಎನ್ನುತ್ತಾ ಪೆಟ್ಟಿಗೆಯನ್ನು ಪಕ್ಕಕ್ಕೆ ತಿರುಗಿಸಿದರು. ತಿರುಗಿಸಿ ಹಾಗೇ ನಿಂತರು.

ಪ್ರತಿ ಆಯುಧಪೂಜೆಗೂ ನಾನು ಒದ್ದೆ ಬಟ್ಟೆಯಲ್ಲಿ ಪೆಟ್ಟಿಗೆ ಒರೆಸಿ, ವಿಭೂತಿಯ ಮೂರು ಪಟ್ಟೆ ಎಳೆದು, ಅರಿಶಿನ ಕುಂಕುಮ ಇಡುತ್ತಿದ್ದೆ. ಕರಿಯ ಪೆಟ್ಟಿಗೆಯಲ್ಲಿ ಹಣೆಯ ಹಾಗೆ ಕಾಣುತ್ತಿದ್ದದ್ದು ಆ ಬಿಳಿ ಚೀಟಿ ಒಂದೇ. ಅಲ್ಲಿಗೇ ಇಡುತ್ತಿದ್ದೆ. ವರ್ಷವರ್ಷದ ಕುಂಕುಮ ಗಟ್ಟಿಯಾಗಿ ಕೂತು, ಇಪ್ಪತ್ತೈದು ಅಕ್ಷರದ ಕೀಲಿಪದ ಅದರ ಕೆಳಗೆ ಹೂತುಹೋಗಿತ್ತು.

‘ಪೂಜೆ ಮಾಡಿ ಮಾಡಿ ಬೀಗದ ಕೈನೇ ನುಂಗ್ಸಿದ್ದೀಯಲ್ಲೋ!’ ಎಂದರು. ಜೋಯಿಸರು ತಲೆ ತಗ್ಗಿಸಿದರು. ನನಗೆ ಬಾಯಿ ಬಿಡುವ ಹಾಗಿರಲಿಲ್ಲ.

ಟೈಪ್‌ರೈಟರ್ ಒರೆಸುವ ಪುಟ್ಟ ಬ್ರಷ್ ತಂದು, ಹಾಲಿನ ಮೇಲಿನ ಕೆನೆ ತೆಗೆಯುವ ಹಾಗೆ ಪದರ ಪದರವಾಗಿ ಕುಂಕುಮ ಬಿಡಿಸಿದರು. ಉಜ್ಜಲಿಲ್ಲ, ನೀರು ಮುಟ್ಟಿಸಲಿಲ್ಲ. ಕಿಟಕಿ ಮುಚ್ಚಿಸಿ, ಟಾರ್ಚನ್ನು ಚೀಟಿಗೆ ಓರೆಯಾಗಿ ಹಿಡಿದರು. ಮಸುಕಾದ ಕಾರ್ಬನ್ ಪ್ರತಿಗಳನ್ನು ಹಾಗೆ ಓದಿ ಅಭ್ಯಾಸವಾಗಿತ್ತು ಅವರಿಗೆ. ಒಂದೊಂದೇ ಅಕ್ಷರ ಹೇಳಿದರು, ನಾನು ಬರೆದುಕೊಂಡೆ. ಎರಡು ಅಕ್ಷರ ಮಾತ್ರ ಕೊನೆಗೂ ತಿಳಿಯಲಿಲ್ಲ. ಒಂದು ಎಂಟೋ ಬಿಯೋ, ಇನ್ನೊಂದು ಆರೋ ಜಿಯೋ.

ಹನ್ನೆರಡು ಹೊಡೆಯಿತು. ಜೋಯಿಸರು, ‘ಹೂಂ’ ಎಂದರು. ಡಿಸ್ಕ್ ಒಳಗೆ ಹೋಯಿತು.

ನೀಲಿ ಪರದೆ, ಬಿಳಿ ಅಕ್ಷರ. ಒಂದು ಪುಟ ಮುಗಿದೊಡನೆ ಕೆಳಗೆ ಎಂಟರ್ ಒತ್ತು ಎಂದು ಬರುತ್ತಿತ್ತು. ಕರೆಂಟಿನ ಚಿಂತೆಯಲ್ಲಿ ನನ್ನ ಕೈ ತಾನಾಗಿಯೇ ಹೋಯಿತು. ಬೆರಳಿನ ಮೇಲೆ ಫುಟ್ಟುಪಟ್ಟಿ ಬಿತ್ತು.

‘ಎಂಟರ್ ಅನ್ನೋದು ಬಾಗಿಲು. ತಟ್ಟೋ ಮುಂಚೆ ಯಾರ ಮನೆ ಅಂತ ಬೋರ್ಡ್ ಓದು!’

ಪ್ರತಿ ಪುಟವನ್ನೂ ನನ್ನಿಂದ ಜೋರಾಗಿ ಓದಿಸಿದರು. ಓದುವವನು ಒಬ್ಬ, ಒತ್ತುವವನು ಇನ್ನೊಬ್ಬ. ಇದು ಅವರ ಇನ್‌ಸ್ಟಿಟ್ಯೂಟಿನ ಕಟ್ಟಳೆ. ನನ್ನ ಹರಕು ಇಂಗ್ಲಿಷಿನಲ್ಲಿ ಓದುತ್ತಾ ಹೋದಂತೆ, ವಿಂಡೋಸನ್ನು ಎಲ್ಲಿ ಕೂರಿಸಬೇಕೆಂದು ಕೇಳುವ ಪುಟ ಬಂತು. ಹಾರ್ಡ್‌ಡಿಸ್ಕಿನಲ್ಲಿ ಸಿ, ಡಿ ಎಂದು ಎರಡು ಕೋಣೆ. ಕೆಟ್ಟುಹೋದ ವಿಂಡೋಸ್ ಇದ್ದದ್ದು ಸಿಯಲ್ಲಿ. ಪಂಚಾಂಗವೂ ಅದೇ ಸಿಯಲ್ಲಿ, ಕಣ್ಣೆದುರಿಗೆ ಇರಲಿ ಎಂದು ಡೆಸ್ಕ್‌ಟಾಪಿನ ಮೇಲಿಟ್ಟಿದ್ದೆ. ಪಟ್ಟಿಯ ಮೇಲಿನ ನೀಲಿ ಗೆರೆ ಸಿಯ ಮೇಲೇ ನಿಂತು, ಒತ್ತು ಒತ್ತು ಎನ್ನುತ್ತಿತ್ತು. ಎಲ್ಲರೂ ಅಲ್ಲಿಗೇ ಹಾಕುತ್ತಾರೆ. ಗಂಟೆ ಒಂದಾಗುತ್ತಿತ್ತು.

ಮೇಡಂ ಕೈಗಳನ್ನು ಮಡಿಲಿಗೆ ತೆಗೆದುಕೊಂಡರು.

‘ನಾನು ನಿಂಗೆ ಮೊದಲನೇ ದಿನ ಏನು ಹೇಳಿಕೊಟ್ಟೆ? ತಪ್ಪು ಬಿದ್ರೆ ಬಿದ್ಕೊಳ್ಳಲಿ. ಅದರ ಮೇಲೆ ಇನ್ನೊಂದು ಸಾಲು ಹೊಡೆದ್ರೆ ಹಳೇದೂ ಓದಕ್ಕಾಗಲ್ಲ, ಹೊಸದೂ ಓದಕ್ಕಾಗಲ್ಲ. ಕೆಳಗಿನ ಸಾಲಿಗೆ ಹೋಗು. ಡಿ ಕೋಣೇಲಿ ಏನಿದೆ?’

ಮಾತಾಡಬಹುದೇ ಎಂದು ಕಣ್ಣಲ್ಲೇ ಕೇಳಿದೆ. ‘ಹೇಳೋ!’

‘ಹಳೇ ಮದ್ವೆ ಕಾರ್ಡು, ಭಕ್ತಿಗೀತೆ.’

‘ಮದ್ವೆ ಎಲ್ಲ ಆಗ್ಹೋಗಿದೆ. ಜಾಗ ಇದೆಯಾ?’

‘ಅದೆ.’

ಗೆರೆಯನ್ನು ಡಿಗೆ ಇಳಿಸಿದರು. ಮುಂದಿನ ಪುಟ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ನನ್ನಿಂದ ಎರಡು ಸಲ ಓದಿಸಿ, ಏನನ್ನೂ ಅಳಿಸದೆ ಹಾಗೇ ಬಿಡು ಎಂಬ ಸಾಲಿಗೆ ಗೆರೆ ತಂದರು. ಬೋರ್ಡನ್ನು ಇನ್ನೊಮ್ಮೆ ತಾವೇ ಓದಿಕೊಂಡರು. ಆಮೇಲೆ ಬಾಗಿದ ಕಿರುಬೆರಳು ಎಂಟರ್ ಒತ್ತಿತು. ಜೋಯಿಸರು ಕಣ್ಣು ಮುಚ್ಚಿಕೊಂಡಿದ್ದರು.

ಕಾಪಿ ಆಗುವ ಹಳದಿ ಪಟ್ಟಿ ಇರುವೆಯ ಹಾಗೆ ಹರಿಯಿತು. ಪೆಟ್ಟಿಗೆ ಒಮ್ಮೆ ಆರಿ ಮತ್ತೆ ಹೊತ್ತಿಕೊಂಡು, ಬೀಗದ ಕೈ ಕೇಳಿತು. ನಾನು ಓದಿದೆ, ಅವರು ನೋಡದೆ ಹೊಡೆದರು. ಎಂಟು ಇಟ್ಟರು, ಆರು ಇಟ್ಟರು. ಸರಿಯಿಲ್ಲ ಎಂದಿತು. ಬಿ, ಆರು. ಸರಿಯಿಲ್ಲ. ಎಂಟು, ಜಿ. ಸರಿಯಿಲ್ಲ. ಗೋಡೆ ಗಡಿಯಾರ ಎರಡರ ಹತ್ತಿರ ಬಂದಿತ್ತು. ನಾನು ತಡೆಯಲಾರದೆ ಮೌನ ಮುರಿದೆ.

‘ಮೇಡಮ್ಮೋರೆ, ನಿಮ್ ಪೆಟ್ಗೆ ಚೀಟಿ ಪಳಪಳ ಅಂತದೆ. ಅದ್ನೇ ಒತ್ಬುಡಿ! ಯಾರು ಕೇಳ್ತಾರೆ?’

‘ಡಿಸ್ಕ್ ಎರವಲು ಕೊಡ್ತೀನಿ. ನನ್ನ ಮನೆ ಬೀಗದ ಕೈ ಕೊಡಲ್ಲ’ ಎಂದರು. ‘ನಾಳೆ ಎರಡು ಪೆಟ್ಗೆನೂ ಒಂದೇ ಹೆಸರು ಹೇಳ್ಕೊಂಡು ನಿಂತ್ರೆ, ಇಬ್ಬರನ್ನೂ ಆಚೆಗೆ ಹಾಕ್ತಾರೆ. ನಿನ್ನ ಚೀಟಿಗೆ ನೀನು ದುಡ್ಡು ಕೊಟ್ಟಿದ್ದೀಯ. ಅದು ತೆಗೀಲೇಬೇಕು. ಓದು.’

ಓದಿದೆ. ಬಿ, ಜಿ. ಪರದೆ ಒಂದು ಗಳಿಗೆ ಯೋಚಿಸಿ, ಮುಂದಿನ ಪುಟಕ್ಕೆ ಸರಿಯಿತು. ನಾನು ಉಸಿರು ಬಿಡುವಷ್ಟರಲ್ಲಿ ಫ್ಯಾನು ನಿಂತಿತು. ಅವರ ಹಳೆಯ ಯುಪಿಎಸ್ಸು ಕೆಲವು ಸಲ ಕೀಂ ಕೀಂ ಎಂದು ಕೂಗಿ ಸುಮ್ಮನಾಯಿತು. ಪರದೆ ಕಪ್ಪಾಯಿತು.

ಜೋಯಿಸರು ಗೋಡೆಗೆ ಒರಗಿದರು. ‘ಹೋಯಿತೇನಮ್ಮ?’

‘ಹೋಗಿದ್ರೆ ಡಿ ಹೋಗಿದೆ ಜೋಯಿಸರೆ. ನಿಮ್ಮ ಸಿ ಮೇಲೆ ನಾವು ಕೈಯೇ ಇಟ್ಟಿಲ್ಲ. ಅದು ಕತ್ತಲೆ ಕೋಣೇಲಿ ಸುಮ್ಮನೆ ಕೂತಿದೆ’ ಎಂದು ಹೇಳಿ, ಎದ್ದು ಕಿಟಕಿ ತೆಗೆದು ಬಂದು ಕೂತರು. ಅವರು ಆ ಮಾತನ್ನು ಧೈರ್ಯಕ್ಕೆ ಹೇಳಿದರೋ, ನಂಬಿ ಹೇಳಿದರೋ ಎಂದು ನಾನು ಮಡಿಲು ನೋಡಿದೆ. ಬೆರಳುಗಳು ನೆಟ್ಟಗೆ, ಅಲುಗಾಡದೆ ಇದ್ದವು. ಅವರಿಗೂ ಭಯವಿತ್ತು.

ಕರೆಂಟು ಬಂದದ್ದು ಬಿಸಿಲು ಇಳಿದ ಮೇಲೆ. ಅಲ್ಲಿಯವರೆಗೆ ಮೂವರೂ ನಾನು ತಂದಿದ್ದ ಬಾಳೆಹಣ್ಣನ್ನು ನಡುವೆ ಇಟ್ಟುಕೊಂಡು ಮುಟ್ಟದೆ ಕೂತಿದ್ದೆವು. ಪೆಟ್ಟಿಗೆ ಬಿಟ್ಟಲ್ಲಿಂದಲೇ ಎದ್ದಿತು, ಬೀಗದ ಕೈ ಮತ್ತೆ ಕೇಳಿತು, ಕೊಟ್ಟೆವು. ಹೊಸ ವಿಂಡೋಸ್ ತೆರೆಯಿತು. ಸಿಯೊಳಗೆ ಹೋಗಿ ಹುಡುಕಿದರೆ ಪಂಚಾಂಗದ ಫೋಲ್ಡರ್ ಅಲ್ಲೇ ಇತ್ತು. ಜೋಯಿಸರು ಕುರ್ಚಿ ಎಳೆದುಕೊಂಡು ಪರದೆಗೆ ಮೂಗು ತಾಗಿಸಿ ಕೂತರು. ಮೇಡಂ ಚೈತ್ರಮಾಸದ ಪುಟ ತೆರೆದರು.

ಒಂದೂ ಕನ್ನಡ ಅಕ್ಷರವಿಲ್ಲ. ಪುಟದ ತುಂಬ ಇಂಗ್ಲಿಷ್ ಅಕ್ಷರ, ಕೊಂಕು ಚಿಹ್ನೆ, ಕಸ.

‘ಇದು... ನನ್ನದಲ್ಲ’ ಎಂದರು ಜೋಯಿಸರು.

ನಾನು ನೆಲದ ಮೇಲೆ ಕೂತುಬಿಟ್ಟೆ. ಮೇಡಂ ಮಾತ್ರ ಪರದೆಗೆ ಬಾಗಿ, ಆ ಕಸವನ್ನೇ ಸಾಲು ಹಿಡಿದು ನೋಡಿದರು. ‘ಕಸ ಅಲ್ಲ. ಸಾಲು ಸರಿಯಾಗಿದೆ, ಜಾಗ ಬಿಟ್ಟಿರೋದು ಸರಿಯಾಗಿದೆ. ಮೊಳೆ ಇಲ್ಲ ಅಷ್ಟೆ. ಹೊಸ ಮನೇಲಿ ಕನ್ನಡದ ಮೊಳೆ ಯಾರು ತಂದಿಟ್ಟಿದ್ದಾರೆ? ಹಳೇ ಮನೇಲಿ ಇರಬೇಕು.’ ಅಳಿಸದೆ ಬಿಟ್ಟ ಸಿಯೊಳಗೆ ಹೋಗಿ, ಹಳೆಯ ವಿಂಡೋಸಿನ ಕನ್ನಡ ಫಾಂಟ್‌ಗಳನ್ನು ಹೊಸದಕ್ಕೆ ಸಾಗಿಸಿದರು. ಪುಟವನ್ನು ಮುಚ್ಚಿ ತೆರೆದರು.

ಪಾಡ್ಯ, ಬಿದಿಗೆ, ತದಿಗೆ.

ಜೋಯಿಸರಿಗೆ ಅದನ್ನು ಓದಲಾಗಲಿಲ್ಲ, ಕಣ್ಣಲ್ಲಿ ನೀರು ಬೇರೆ. ‘ಅಂಕಿ ಓದಮ್ಮ’ ಎಂದರು. ಮೇಡಂ ಗಳಿಗೆ ವಿಗಳಿಗೆ ಓದುತ್ತಾ ಹೋದರು, ಅವರು ಬಾಯಿಪಾಠ ಒಪ್ಪಿಸುವ ಹುಡುಗನ ಹಾಗೆ ಪ್ರತಿ ಅಂಕಿಗೂ ತಲೆ ಆಡಿಸುತ್ತಾ ಹೋದರು. ಎಲ್ಲ ಇತ್ತು. ಪಂಚಾಂಗ ಯುಗಾದಿಗೆ ಮೊದಲೇ ಅಚ್ಚಾಗಿ ಹೊರಬಂತು.

ಅಂದು ಹೊರಡುವ ಮುಂಚೆ ಏನು ಕೊಡಲಿ ಎಂದು ಮೇಡಮ್ಮನ್ನು ಕೇಳಿದೆ. ‘ಒಂದು ಸಿಡಿಗೆ ಇದರ ಪ್ರತಿ ಹಾಕಿ ಇಲ್ಲಿಟ್ಟು ಹೋಗು. ನಿನ್ನನ್ನ ನಂಬಕ್ಕಾಗಲ್ಲ’ ಎಂದರು. ಅದನ್ನು ಅವರು ಹೊಗಳಿಕೆಯ ದನಿಯಲ್ಲೇ ಹೇಳಿದರೆಂದು ನಾನು ಇಂದಿಗೂ ವಾದಿಸುತ್ತೇನೆ.

ಆ ವರ್ಷದ ಕಾರ್ತಿಕದಲ್ಲಿ ಮೇಡಂ ತೀರಿಕೊಂಡರು. ಬೆಳಿಗ್ಗೆಯ ಬ್ಯಾಚಿಗೆ ಡಿಕ್ಟೇಷನ್ ಕೊಡುತ್ತಿದ್ದವರು ಸಾಲಿನ ಮಧ್ಯೆ ನಿಲ್ಲಿಸಿ, ಮೇಜಿನ ಮೇಲೆ ತಲೆಯಿಟ್ಟರಂತೆ. ಅವರ ತಮ್ಮ ವರ್ಷಾಬ್ದಿಕಕ್ಕೆ ತಿಥಿ ಕೇಳಿಕೊಂಡು ನಂಜನಗೂಡಿಗೆ, ಜೋಯಿಸರ ಮನೆಗೆ ಬಂದರು. ಜೋಯಿಸರಿಗೆ ಆ ಹೊತ್ತಿಗೆ ಬೆಳಕು ಕತ್ತಲೆ ಮಾತ್ರ ತಿಳಿಯುತ್ತಿತ್ತು. ನನ್ನನ್ನು ಕರೆಸಿ ಪಂಚಾಂಗ ಕೈಗೆ ಕೊಟ್ಟು, ‘ಆ ದಿನ ತೆಗೆದು ನೀನೇ ಓದಯ್ಯ’ ಎಂದರು. ಓದಿದೆ. ಕಾರ್ತಿಕ ಬಹುಳ ತದಿಗೆ. ಇಷ್ಟು ಗಳಿಗೆ, ಇಷ್ಟು ವಿಗಳಿಗೆ. ಮೇಡಂ ಉಳಿಸಿಕೊಟ್ಟ ಅಂಕಿ ಅವರಿಗೇ ಬೇಕಾಯಿತು. ಈ ಸಾಲವನ್ನು ನಾನು ಯಾವ ದರಕ್ಕೂ ತೀರಿಸುವ ಹಾಗಿಲ್ಲ.

ಓದುತ್ತಿರುವವರಿಗೆ ನನ್ನ ಮಾತು ಇಷ್ಟೇ. ಯಂತ್ರ ಕೊಳ್ಳುವಾಗ ಏನು ಬೇಕಾದರೂ ಇಳಿಸಿ, ಅದರೊಡನೆ ಬರುವ ಡಿಸ್ಕನ್ನು ಬಿಟ್ಟುಕೊಡಬೇಡಿ. ಕೀಲಿಪದವನ್ನು ಕಾಗದದ ಮೇಲೆ ಬರೆದು ದೇವರ ಮನೆಯಲ್ಲಿಡಿ, ಕುಂಕುಮವನ್ನು ಪೆಟ್ಟಿಗೆಯ ಇನ್ನೊಂದು ಮಗ್ಗುಲಿಗೆ ಇಡಿ. ಬೇರೆಯವರ ಡಿಸ್ಕ್ ಹಾಕಬೇಕಾಗಿ ಬಂದರೆ ಕೇಳಿ ಪಡೆಯಿರಿ, ಆದರೆ ನಿಮ್ಮದೇ ಕೀಲಿ ಬಳಸಿ. ಫಾಂಟ್ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಮುಖ್ಯವಾದ ಕೆಲಸದ ಒಂದು ಪ್ರತಿಯನ್ನು ಬೇರೆ ಊರಿನಲ್ಲಿ, ನಿಮ್ಮನ್ನು ಅಷ್ಟಾಗಿ ನಂಬದ ಒಬ್ಬರ ಹತ್ತಿರ ಇಟ್ಟಿರಿ. ಅಂಥವರು ಯಾರೆಂದು ನಿಮಗೆ ಈಗಾಗಲೇ ಗೊತ್ತಿದ್ದರೆ ನಾಳೆ ಎನ್ನಬೇಡಿ. ಇವತ್ತಿನ ಬಸ್ಸಿಗೇ ಹೊರಡಿ.